ಸಾಲಾವಳಿ ಬಾರದ ಫೋನು

ಗಿರಿಜಕ್ಕ ಫೋನು ಕೊಳ್ಳುವ ಮೊದಲು ಅದರೊಳಗೆ ಹಾಡಿ ನೋಡುತ್ತಿದ್ದರು. ಬೇರೆಯವರು ಕ್ಯಾಮೆರಾ ಹೇಗಿದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಎಂದು ಕೇಳುವ ಅಂಗಡಿಯಲ್ಲಿ ಅವರು ಸ್ಟೂಲಿನ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಗಾಜಿನ ಫೋನನ್ನು ಒಬ್ಬಟ್ಟಿನ ಹಾಗೆ ಅಂಗೈ ಮೇಲೆ ಅಗಲವಾಗಿ ಹಿಡಿದು ಆರತಿ ಹಾಡು ಎತ್ತಿಕೊಳ್ಳುತ್ತಿದ್ದರು. ರಸ್ತೆಯ ಆಚೆ ಬದಿ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಾನು ನನ್ನ ಫೋನನ್ನು ಕಿವಿಗಿಟ್ಟುಕೊಂಡು ನಿಂತಿರಬೇಕು. ಹಾಡು ಮುಗಿದ ಮೇಲೆ ಸ್ಕೂಟರು, ಆಟೋಗಳ ನಡುವೆ ದಾಟಿಕೊಂಡು ಬಂದು ವರದಿ ಒಪ್ಪಿಸಬೇಕು.

"ಕೊನೇವರೆಗೂ ಬಂತೇನೇ ಸುಮಾ?"

"ಇಲ್ಲ ಗಿರಿಜಕ್ಕ. ನೀವು ಎಳೆದ ಕಡೆಯೆಲ್ಲ ನಿಂತುಹೋಯ್ತು. ಆಮೇಲೆ ಮುಂದಿನ ಸಾಲೇ ಕೇಳಿಸಿದ್ದು."

ಅಂಗಡಿಯ ಚೇತನ್ ತಾಳ್ಮೆಯ ಮನುಷ್ಯ. ಹಾಡು ಕೇಳಿ ಒಳಗೆ ಇಣುಕಿದ ಗಿರಾಕಿಗಳನ್ನೂ ಸಂಭಾಳಿಸಿಕೊಂಡು ಅವನು ವಿವರಿಸಿದ. "ಅಮ್ಮ, ಅದು ಒಳ್ಳೇದಕ್ಕೇ ಇರೋದು. ಸುತ್ತಮುತ್ತ ಗಲಾಟೆ ಇದ್ರೆ ಫೋನೇ ತೆಗೆದುಹಾಕತ್ತೆ. ಒಂದೇ ಸಮ ಬರೋ ಸೌಂಡನ್ನ ಫ್ಯಾನೋ ಮಿಕ್ಸಿಯೋ ಅಂದ್ಕೊಳತ್ತೆ."

"ಅಂದ್ರೆ ನಾನು ಮಿಕ್ಸೀನೇನಪ್ಪಾ?"

"ಅಯ್ಯೋ, ನಾನೆಲ್ಲಿ ಹಾಗಂದೆ ಅಮ್ಮ!"

"ನೀನನ್ನಲಿಲ್ಲ ಬಿಡು. ಇದು ಅಂತಿದೆ." ಹಾಗೆಂದವರೇ ಆ ದುಬಾರಿ ಫೋನನ್ನು ಕೌಂಟರಿನ ಮೇಲೆ ಮಕಾಡೆ ಮಲಗಿಸಿಬಿಟ್ಟರು.

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಗಿರಿಜಕ್ಕನದು ಕಟ್ಟಕಡೆಯ ಮನೆ. ಮುಂದೆ ಅಕ್ಕಿ ಗೋದಾಮು, ಅದರ ಬೆನ್ನಿಗೆ ನಮ್ಮ ಸಾಲು, ಅದರ ಹಿಂದೆ ಅವರ ಒಂದು ಕೋಣೆ, ಅಡುಗೆಮನೆ. ಗೋಡೆಗಳು ಹಳೆಯ ಕಲ್ಲಿನವು. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಬಾವಿಗಿಳಿದಷ್ಟು ತಂಪು. ಎತ್ತರದ, ತೆಳ್ಳನೆಯ ಹೆಂಗಸು. ಹಾಡುವ ದಿನ ಹಾಲು ಮುಟ್ಟುತ್ತಿರಲಿಲ್ಲ. ಕೆನ್ನೆಯೊಳಗೆ ಒಂದು ಲವಂಗ ಇರುತ್ತಿತ್ತು. ಫೋನು ಬಂದರೆ ಎದ್ದು ನಿಂತೇ ಮಾತಾಡುವುದು ಅವರ ಅಭ್ಯಾಸ. ಮಂಡಿ ನೋವಿನಲ್ಲಿ ನರಳಿಕೊಂಡು ಏಳುವುದನ್ನು ನೋಡಲಾಗದೆ ನಾನು, "ಕೂತೇ ಮಾತಾಡಿ ಗಿರಿಜಕ್ಕ" ಎಂದರೆ, "ಯಾರೋ ಬಾಗಿಲಿಗೆ ಬಂದಿರ್ತಾರೆ, ಕೂತಿರಕ್ಕಾಗತ್ತಾ?" ಎನ್ನುವರು. ಸಾಲ ಬೇಕಾ ಎಂದು ಕೇಳುವ ಹುಡುಗಿಗೂ ಅದೇ ಮರ್ಯಾದೆ. ಅವಳ ಊಟ ಆಯಿತೇ, ಯಾವ ಊರು, ಮದುವೆ ಆಗಿದೆಯೇ ಎಂದೆಲ್ಲ ವಿಚಾರಿಸಿ, ಕೊನೆಗೆ ಅವಳೇ ಫೋನಿಡಬೇಕು.

ಅವರ ಬಾಯಲ್ಲಿ ಹೆಚ್ಚು ಓಡಾಡುತ್ತಿದ್ದ ಮಾತು ಸಾಲಾವಳಿ. ವಠಾರದ ಎಷ್ಟೋ ಮದುವೆಗಳಿಗೆ ಜಾತಕ ಹಿಡಿದು ಓಡಾಡಿದವರಾದ್ದರಿಂದ ಲೋಕದ ಎಲ್ಲ ಜೋಡಿಗಳನ್ನೂ ಅವರು ಹಾಗೆಯೇ ಅಳೆಯುತ್ತಿದ್ದರು. ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಕೂರದಿದ್ದರೆ ಸಾಲಾವಳಿ ಇಲ್ಲ. ಎದುರು ಮನೆಗೆ ಬಂದ ಬಾಡಿಗೆದಾರರಿಗೂ ಮಾಲೀಕರಿಗೂ ಜಗಳವಾದರೆ, "ಆವತ್ತೇ ಅಂದ್ಕೊಂಡೆ, ಬರಲ್ಲ ಅಂತ."

ಅವರ ಯಜಮಾನರು ಚಿಕ್ಕಪೇಟೆಯ ಸಗಟು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಅವರಿರುವಷ್ಟು ಕಾಲ ನಮ್ಮ ಸುತ್ತಿನ ಯಾವ ಮದುವೆ, ಸೀಮಂತ, ತೊಟ್ಟಿಲು ಶಾಸ್ತ್ರವೂ ಗಿರಿಜಕ್ಕನ ಹಾಡಿಲ್ಲದೆ ಆದದ್ದಿಲ್ಲ. ತಟ್ಟೆ ಎತ್ತುವವರು ಯಾರೇ ಇರಲಿ, ಹಾಡು ಅವರದೇ. ಯಜಮಾನರು ಹೋದ ಮೇಲೆ ಯಾರೂ ಏನೂ ಅನ್ನಲಿಲ್ಲ. ಲಗ್ನಪತ್ರಿಕೆ ಬರುತ್ತಿತ್ತು, ಊಟಕ್ಕೆ ಬಲವಂತವೂ ಇರುತ್ತಿತ್ತು. ಆರತಿಯ ಹೊತ್ತಿಗೆ ಮಾತ್ರ, "ಗಿರಿಜಕ್ಕ ಮುಂದೆ ಬನ್ನಿ" ಎಂಬ ಕೂಗು ಕೇಳಿಸುತ್ತಿರಲಿಲ್ಲ. ಕೆಲವು ಮದುವೆಗಳಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತಿದ್ದು ಬಂದರು. ಆಮೇಲೆ ಮಂಡಿ ನೋವು ಎಂದು ಹೋಗುವುದನ್ನೇ ಬಿಟ್ಟರು. ಮಂಡಿ ನೋವು ಸುಳ್ಳಲ್ಲ. ಆದರೆ ತರಕಾರಿ ಮಾರ್ಕೆಟ್ಟಿಗೆ ಹೋಗುವಾಗ ಅದು ಅಷ್ಟು ಕಾಡುತ್ತಿರಲಿಲ್ಲ.

ಅವರನ್ನು ಮತ್ತೆ ಹಾಡಿಗೆ ಕರೆದುಕೊಂಡು ಬಂದದ್ದು ಫೋನು. ಹನುಮಂತನಗರದ ಒಂದು ಸೀಮಂತದ ಮನೆಯಿಂದ ಯಾರೋ ಹಾಡಿನ ಮೂರನೆಯ ನುಡಿ ಮರೆತುಹೋಯಿತೆಂದು ಕೇಳಿದರು. ಇವರು ಹೇಳುವ ಬದಲು ಹಾಡಿಬಿಟ್ಟರು. ಅಲ್ಲಿ ಸ್ಪೀಕರ್ ಹಾಕಿದ್ದರಂತೆ. ಬಸುರಿ ಹುಡುಗಿ, "ಪೂರ್ತಿ ಹಾಡಿ ಅಜ್ಜೀ" ಎಂದಳಂತೆ. ಅಂದಿನಿಂದ ಶುರು. ಮಣೆಯ ಪಕ್ಕ ಒಂದು ತಟ್ಟೆಯಲ್ಲಿ ಅಕ್ಕಿ ಹರಡಿ ಅದರ ಮೇಲೆ ಫೋನಿಡುವುದು, ಇಲ್ಲಿಂದ ಗಿರಿಜಕ್ಕ ಹಾಡುವುದು. ಹಾಡಿನ ದಿನ ಅವರು ತಲೆಗೆ ನೀರು ಹಾಕಿಕೊಂಡು, ಪಟ್ಟೆ ಸೀರೆ ಉಟ್ಟು, ವಿಭೂತಿ ಇಟ್ಟುಕೊಂಡು ಪೂರ್ವಕ್ಕೆ ಮುಖಮಾಡಿ ನಿಲ್ಲುತ್ತಿದ್ದರು.

"ಯಾರಿಗೆ ಕಾಣ್ಸತ್ತೆ ಅಂತ ಈ ಸೀರೆ ಗಿರಿಜಕ್ಕ?" ಎಂದು ನಾನು ಒಮ್ಮೆ ತಮಾಷೆ ಮಾಡಿದ್ದೆ.

"ಹಾಡಿಗೆ ಕಾಣ್ಸತ್ತೆ," ಎಂದರು. ಅವರೆಕಾಯಿ ಸುಲಿಯುತ್ತಲೇ, ತಲೆ ಎತ್ತದೆ ಇನ್ನೊಂದು ಮಾತು ಸೇರಿಸಿದರು: "ಫೋನಲ್ಲಿ ಹಣೆ ಕಾಣ್ಸಲ್ಲ ನೋಡು. ಅದಕ್ಕೇ ಅದು ದೊಡ್ಡ ಸಾಮಾನು."

ಅವರ ಫೋನು ಗುಂಡಿ ಒತ್ತುವ ಹಳೆಯ ಕಾಲದ್ದು. ಅದರ ಬ್ಯಾಟರಿ ಪೂರಿಯ ಹಾಗೆ ಉಬ್ಬಿ ಹಿಂದಿನ ಮುಚ್ಚಳವನ್ನೇ ತಳ್ಳಿಬಿಟ್ಟ ವಾರದಲ್ಲೇ ದೀಪಾಳ ಮದುವೆ ನಿಶ್ಚಯವಾಯಿತು. ದೀಪಾ ನಮ್ಮ ವಠಾರದ ಮುಂದಿನ ಮನೆಯಲ್ಲಿ ಹುಟ್ಟಿ ಬೆಳೆದವಳು. ಆಮೇಲೆ ಅವರ ಮನೆಯವರು ದಾವಣಗೆರೆಗೆ ಹೋದರು. ಅವಳ ತೊಟ್ಟಿಲಿಗೆ ಹಾಡಿದವರು ಗಿರಿಜಕ್ಕ. ನನ್ನ ಫೋನಿಗೆ ಕರೆ ಮಾಡಿ ಅವಳು ಹಟ ಹಿಡಿದಳು. "ಅಜ್ಜಿ, ನೀವು ಹಾಡ್ದೆ ನಾನು ಹಸೆಮಣೆ ಬಿಟ್ಟು ಏಳಲ್ಲ. ಅಮ್ಮಂಗೂ ಹೇಳಿದೀನಿ. ಈ ಸಲ ವೀಡಿಯೋ ಕಾಲ್ ಮಾಡೋಣ, ಎಲ್ರೂ ನಿಮ್ಮನ್ನ ನೋಡ್ಲಿ."

"ಹಾಡ್ತೀನಿ ಕಂದಾ. ವೀಡಿಯೋ ಗೀಡಿಯೋ ಬೇಡ," ಎಂದರು ಗಿರಿಜಕ್ಕ.

ಹೀಗೆ ನಾವು ಫೋನು ಹುಡುಕಲು ಹೊರಟದ್ದು. ಚೇತನ್ ತೋರಿಸಿದ ಗಾಜಿನ ಫೋನುಗಳೆಲ್ಲ ಅವರ ಉಸಿರನ್ನು ನುಂಗಿದವು. ನನ್ನ ಫೋನಿನಲ್ಲೂ ಹಾಡಿಸಿ ನೋಡಿದ್ದಾಯಿತು, ಅದೂ ಅದೇ ಜಾತಿ. ಹಳೆಯ ಬಗೆಯ ಗುಂಡಿ ಫೋನು ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಅವರ ಸಿಮ್ಮಿನ ಕಂಪನಿ ಈಚೆಗೆ ಆ ಬಗೆಯ ಫೋನುಗಳನ್ನು ಕಡೆಗಣಿಸತೊಡಗಿತ್ತು. ಮಾತು ನಡುವೆಯೇ ಕಡಿದುಹೋಗುತ್ತಿತ್ತು.

"ಸುಮ್ನೆ ಯಾವ್ದಾದ್ರೂ ಒಂದು ತಗೊಳ್ಳಿ ಅಮ್ಮ. ಎಲ್ಲಾದ್ರಲ್ಲೂ ಮಾತಾಡ್ಬೋದು," ಎಂದ ಚೇತನ್, ಅವನ ತಾಳ್ಮೆಯೂ ಮುಗಿಯುತ್ತಾ ಬಂದಿತ್ತು.

"ಮಾತಾಡೋಕೆ ಯಾರಿಗಪ್ಪಾ ಬೇಕು?"

ಕೊನೆಗೆ ಅವನು ಒಳಗಿನ ಕಪಾಟಿನಿಂದ ಒಂದು ಪುಟ್ಟ ಪೆಟ್ಟಿಗೆ ತೆಗೆದ. ಹೊಸ ಕಾಲದ್ದೇ, ಆದರೆ ಗುಂಡಿಗಳಿದ್ದವು. ಅಂಗಡಿಯದೇ ಒಂದು ಸಿಮ್ ಹಾಕಿ ಕೊಟ್ಟ. ಗಿರಿಜಕ್ಕ ಅದನ್ನು ಅಂಗೈಯಲ್ಲಿ ತೂಗಿ, ಹೆಬ್ಬೆರಳಿನಿಂದ ಗುಂಡಿ ಸವರಿ, ಹಾಡಿದರು. ರಸ್ತೆಯಾಚೆ ನನ್ನ ಕಿವಿಗೆ ಇಡೀ ಸಾಲು ಬಂತು. ಎಳೆದದ್ದು, ನಡುಗಿದ್ದು, ಕೊನೆಗೆ ಉಸಿರು ತೆಗೆದುಕೊಂಡದ್ದು, ಎಲ್ಲ. ನಾನು ಅಲ್ಲಿಂದಲೇ ಕೈ ಎತ್ತಿ ತೋರಿಸಿದೆ.

"ಒಂದು ವಿಷ್ಯ ಅಮ್ಮ," ಎಂದ ಚೇತನ್. "ಈ ಫೋನಿಗೆ ಇದರ ಕಂಪನಿ ಸಿಮ್ಮೇ ಆಗ್ಬೇಕು. ಬೇರೇದು ಹಾಕಿದ್ರೆ ತಗೊಳಲ್ಲ. ನಿಮ್ಮ ನಂಬರ್ ಅದೇ ಇರತ್ತೆ, ಕಂಪನಿ ಮಾತ್ರ ಬದಲಾಯಿಸ್ಬೇಕು."

"ಹುಡುಗಿ ಹೆಸರು ಬದಲಾಗಲ್ಲ, ಮನೆತನ ಬದಲಾಗತ್ತೆ. ಅಷ್ಟೇ ತಾನೆ? ಮಾಡಪ್ಪಾ."

ಇಲ್ಲಿಯೇ ನಾವು ಎಡವಿದ್ದು. ಹೊಸ ಸಾಮಾನು ಶುಕ್ರವಾರದ ಮುಂಚೆ ಮನೆಯ ಹೊಸಿಲು ದಾಟಕೂಡದು ಎಂಬುದು ಗಿರಿಜಕ್ಕನ ಕಟ್ಟುಪಾಡು. ಕುಕ್ಕರಾಗಲಿ ಪೊರಕೆಯಾಗಲಿ, ಶುಕ್ರವಾರ ಅರಿಶಿನ ಕುಂಕುಮ ಹಚ್ಚಿಸಿಕೊಂಡೇ ಒಳಗೆ ಬರಬೇಕು. ಆದ್ದರಿಂದ ಫೋನು ಚೇತನನ ಕಪಾಟಿನಲ್ಲೇ ಉಳಿಯಿತು, ಕಂಪನಿ ಬದಲಾಯಿಸುವ ಕೆಲಸ ಅಲ್ಲಿಂದಲೇ ನಡೆಯಿತು. ಶುಕ್ರವಾರ ಬೆಳಿಗ್ಗೆ ನಂಬರು ಹೊಸ ಮನೆತನಕ್ಕೆ ಸೇರಿತು. ನಾನು ಫೋನಿಗೆ ಕುಂಕುಮವಿಟ್ಟು, ಹೊಸಿಲು ದಾಟಿಸಿ, ದೇವರ ಮುಂದಿಟ್ಟೆ. ಗಿರಿಜಕ್ಕ ಕೈ ಮುಗಿದು ಎತ್ತಿಕೊಂಡರು. ಸಿಗ್ನಲ್ ಇರಲಿಲ್ಲ.

ಕಿಟಕಿಗೆ ಹಿಡಿದೆವು, ಬಚ್ಚಲಿಗೆ ಹೋದೆವು, ನಾನು ಅಟ್ಟದ ಏಣಿಯನ್ನೂ ಹತ್ತಿದೆ. ಕಲ್ಲಿನ ಗೋಡೆ, ಗೋದಾಮಿನ ಬೆನ್ನು. ಆ ಕಂಪನಿಯ ಗಾಳಿಯೂ ಒಳಗೆ ಸುಳಿಯಲಿಲ್ಲ. ಚೇತನ್ ತಾನೇ ಬಂದು ಮೂಲೆಮೂಲೆಯಲ್ಲಿ ನಿಂತು ನೋಡಿ ತಲೆ ಕೆರೆದುಕೊಂಡ.

"ಹಳೇ ಕಂಪನಿಗೇ ವಾಪಸ್ ಹೋಗೋಣ," ಎಂದೆ ನಾನು.

"ಮೂರು ತಿಂಗಳು ಹೋಗೋ ಹಾಗಿಲ್ಲ ಅಕ್ಕಾ. ರೂಲ್ಸು."

ಮದುವೆಗೆ ಮೂರು ವಾರವೂ ಇರಲಿಲ್ಲ. ಗಿರಿಜಕ್ಕ ಮಂಚದ ಅಂಚಿನಲ್ಲಿ ಕೂತರು. ಕುಂಕುಮ ಹಚ್ಚಿದ ಫೋನು ಮಡಿಲಲ್ಲಿತ್ತು. "ಹುಡುಗನ್ನ ನೋಡಿದ್ವಿ, ಹಾಡಿಸಿ ನೋಡಿದ್ವಿ. ಮನೆ ನೋಡ್ಲಿಲ್ಲ ಕಣೇ," ಎಂದರು. ನಗುತ್ತಾರೇನೋ ಎಂದುಕೊಂಡೆ. ನಗಲಿಲ್ಲ. "ಆ ಮಗು ನನಗೋಸ್ಕರ ಕಾಯ್ತಾ ಕೂತಿರ್ತಾಳೆ. ಅಲ್ಲಿರೋರೆಲ್ಲ, ಸದ್ಯ ಬಿಡು, ಒಳ್ಳೇದೇ ಆಯ್ತು ಅಂತಾರೆ."

ಆ ಕಡೆಯ ಮಾತು ನನ್ನನ್ನು ಕೂರಗೊಡಲಿಲ್ಲ. ಸಂಜೆ ಸಾರಿಗೆ ಒಗ್ಗರಣೆ ಹಾಕಿ, ಆ ಫೋನು ಹಿಡಿದು ವಠಾರದಿಂದ ಹೊರಗೆ ನಡೆದೆ. ನಲ್ಲಿಯ ಹತ್ತಿರ ಏನೂ ಇಲ್ಲ. ಗೋದಾಮಿನ ಪಕ್ಕದ ಓಣಿಯಲ್ಲಿ ಒಂದು ಗೆರೆ ಬಂದು ಹೋಯಿತು. ಬೀದಿಗೆ ಕಾಲಿಟ್ಟು ಇಸ್ತ್ರಿ ಗಾಡಿಯ ಪಕ್ಕ ನಿಂತಾಗ ಎಲ್ಲ ಗೆರೆಗಳೂ ಎದ್ದು ನಿಂತವು.

ಹೇಳಿದಾಗ ಗಿರಿಜಕ್ಕ ಬೆಚ್ಚಿದರು. "ಬೀದೀಲಿ ನಿಂತು ಹಾಡ್ಲಾ? ಹೋಗೋ ಬರೋರೆಲ್ಲ ನೋಡ್ತಾರಲ್ಲೇ!"

"ದೀಪಾ ನೋಡಲ್ಲ ಅಲ್ವಾ, ಕೇಳ್ತಾಳೆ," ಎಂದೆ. ಅಂದು ರಾತ್ರಿ ಅವರು ನಮ್ಮ ಮನೆಗೆ ಬಂದು ಸೀರೆಗೆ ಇಸ್ತ್ರಿ ಆಗಬೇಕೆಂದು ಮಾತ್ರ ಹೇಳಿ ಹೋದರು.

ಮದುವೆಯ ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಕುರ್ಚಿ ಬೀದಿಗೆ ಬಂತು. ಗಿರಿಜಕ್ಕ ಅದರ ಬೆನ್ನು ಹಿಡಿದು ನಿಂತರು, ಕೂರಲಿಲ್ಲ. ಎಲೆ ಹಸಿರು ಪಟ್ಟೆ ಸೀರೆ, ಹಣೆಯ ಮೇಲೆ ವಿಭೂತಿ ಮಾತ್ರ. ಆ ಫೋನಿನ ಗುಣವೇ ಈಗ ತೊಂದರೆ: ಅದು ಏನನ್ನೂ ನುಂಗುವುದಿಲ್ಲ, ಬೀದಿಯ ಸದ್ದನ್ನೆಲ್ಲ ದಾವಣಗೆರೆಗೆ ಸಾಗಿಸುತ್ತದೆ. ಇಸ್ತ್ರಿಯ ಮಂಜಣ್ಣ ರೇಡಿಯೋ ಆರಿಸಿದ. ಎದುರು ಮನೆಯವರು ಮಿಕ್ಸಿ ನಿಲ್ಲಿಸಿದರು. ನಾನು ಓಣಿಯ ಬಾಯಲ್ಲಿ ನಿಂತು ಬರುವ ಸ್ಕೂಟರುಗಳಿಗೆಲ್ಲ ಕೈ ಅಡ್ಡ ಹಿಡಿದೆ. "ಏನಾಯ್ತು, ಸಾವೇನ್ರೀ?" ಎಂದು ಒಬ್ಬ ಕೇಳಿದ. "ಮದ್ವೆ," ಎಂದೆ. ಅವನು ಆಚೆ ಈಚೆ ನೋಡಿ ಇಂಜಿನ್ ಆರಿಸಿದ.

ಕರೆ ಬಂತು. ಆ ಕಡೆ ವಾಲಗದ ಸದ್ದು ಇಳಿಯಿತು. "ತಟ್ಟೆ ಎತ್ತಿದ್ರಾ?" ಎಂದು ಗಿರಿಜಕ್ಕ ಕೇಳಿ, ಬಳೆಗಳ ಸದ್ದು ಕಿವಿಗೆ ಬೀಳುವವರೆಗೆ ಕಾದು, ಎತ್ತಿಕೊಂಡರು. ಎರಡನೆಯ ನುಡಿಗೆ ಬರುವಷ್ಟರಲ್ಲಿ ಕಸದ ಆಟೋ ತನ್ನ ಹಾಡು ಹಾಕಿಕೊಂಡು ತಿರುವಿನಲ್ಲಿ ಕಾಣಿಸಿತು. ನಾನು ಓಡಿದೆ. ಡ್ರೈವರಿಗೆ ಏನು ಹೇಳಿದೆನೋ ನೆನಪಿಲ್ಲ; ಅವನು ಸ್ಪೀಕರ್ ಬಂದ್ ಮಾಡಿ, ಆಟೋದಿಂದ ಇಳಿದು, ಗ್ಲೌಸ್ ಹಾಕಿದ ಕೈ ಕಟ್ಟಿಕೊಂಡು ನಿಂತುಬಿಟ್ಟ. ಆದರೆ ಹಿಂದಿನ ಓಣಿಯಿಂದ ಬಂದ ಸೊಪ್ಪಿನ ಮುನಿಯಮ್ಮನನ್ನು ಯಾರೂ ತಡೆದಿರಲಿಲ್ಲ. ಹಾಡಿನ ಉಸಿರಿನ ನಡುವೆ ಸರಿಯಾಗಿ ಅವಳ ಕೂಗು ಬಿತ್ತು: "ಮೆಂತ್ಯಾ, ಸಬ್ಸಿಗೇ, ದಂಟೂ!"

ಗಿರಿಜಕ್ಕ ನಿಲ್ಲಿಸಲಿಲ್ಲ. ಮುನಿಯಮ್ಮ ತಾನೇ ನಾಲಿಗೆ ಕಚ್ಚಿಕೊಂಡು ಮಂಕರಿ ಇಳಿಸಿದಳು.

ಮುಗಿದ ಮೇಲೆ ದೀಪಾಳ ದನಿ ಎಲ್ಲರಿಗೂ ಕೇಳಿಸಿತು. ಅಳುತ್ತಿದ್ದಳೋ ನಗುತ್ತಿದ್ದಳೋ, "ಅಜ್ಜಿ, ಸೊಪ್ಪಿನೋರು ಬಂದ್ರಾ? ನಮ್ಮ ಬೀದೀನೇ ಮಂಟಪಕ್ಕೆ ಬಂದ್ಹಾಗಾಯ್ತು!" ಎಂದಳು. ಮಂಜಣ್ಣ ಸೀರೆಯೊಂದನ್ನು ಮಡಿಸುತ್ತಾ ಕಣ್ಣೊರೆಸಿಕೊಂಡ. ಕಸದ ಆಟೋ ಮತ್ತೆ ತನ್ನ ಹಾಡು ಹಾಕಿಕೊಂಡು ಹೊರಟಿತು. ಗಿರಿಜಕ್ಕ ಆಗ ಕುರ್ಚಿಯಲ್ಲಿ ಕೂತರು.

ಮುನಿಯಮ್ಮ ಹೋಗಲಿಲ್ಲ. ಮಂಕರಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕೇಳಿದಳು, "ಅಮ್ಮಾ, ಕಾರ್ತೀಕದಾಗೆ ನನ್ ಮಗ್ಳ ಮದ್ವೆ. ಬಂದು ಆಡ್ತೀರಾ?"

"ಫೋನ್ ಮಾಡು, ಹಾಡ್ತೀನಿ."

"ಫೋನ್ ಬ್ಯಾಡ. ಬನ್ನಿ ನೀವು. ಕಲಾಸಿಪಾಳ್ಯದ ಛತ್ರ, ಇಲ್ಲೇ ಮಗ್ಗುಲಾಗೆ."

ಗಿರಿಜಕ್ಕ ಅವಳನ್ನೇ ನೋಡಿದರು. "ನನ್ನ ಹಣೆ ನೋಡಿದ್ಯೇನಮ್ಮಾ?"

"ನೋಡ್ದೆ," ಎಂದಳು ಮುನಿಯಮ್ಮ. "ಗಂಟ್ಲೂ ಕೇಳ್ದೆ." ಆಮೇಲೆ ಒಂದು ಕಟ್ಟು ಸಬ್ಬಸಿಗೆಯನ್ನು ಅವರ ಮಡಿಲಿಗೆ ಹಾಕಿ, ದುಡ್ಡು ತೆಗೆದುಕೊಳ್ಳದೆ ಎದ್ದು ಹೋದಳು.

ಕಾರ್ತೀಕದಲ್ಲಿ ನಾನೇ ಅವರನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಛತ್ರದ ಬಾಗಿಲಲ್ಲಿ ಅವರ ಕಾಲು ಸ್ವಲ್ಪ ತಡೆಯಿತು; ಅಭ್ಯಾಸದಂತೆ ಹಿಂದಿನ ಸಾಲಿನ ಕುರ್ಚಿಯ ಕಡೆಗೆ ತಿರುಗಿದರು. ಮುನಿಯಮ್ಮ ಜನರ ನಡುವಿನಿಂದ, ಸೊಪ್ಪು ಕೂಗುವ ಅದೇ ಗಂಟಲಲ್ಲಿ, "ಗಿರ್ಜಮ್ಮಾರೇ, ಮುಂದಕ್ಕೆ ಬನ್ನೀ!" ಎಂದು ಕೂಗಿದಳು. ಯಾರೋ ಹಿರಿಯ ಹೆಂಗಸು ಪಕ್ಕದವಳ ಕಿವಿಯಲ್ಲಿ ಏನೋ ಅಂದದ್ದು ನನಗೆ ಕಾಣಿಸಿತು; ಗಿರಿಜಕ್ಕನಿಗೂ ಕಾಣಿಸಿರಬೇಕು. ಅವರು ಮುಂದೆ ಹೋಗಿ ಹಸೆಯ ಬಲಗಡೆಗೆ ನಿಂತು, ಮೈಕು ಕೊಡಬಂದವನಿಗೆ ಬೇಡವೆಂದು ಸನ್ನೆ ಮಾಡಿ, ಹಾಡಿದರು.

ಮೂರು ತಿಂಗಳು ಕಳೆದ ಮೇಲೆ ಚೇತನ್ ನೆನಪಿಟ್ಟುಕೊಂಡು ಬಂದ. ಹಳೆಯ ಕಂಪನಿಗೆ ಈಗ ಹೋಗಬಹುದು, ಆ ಸಿಮ್ಮಿಗೆ ಸರಿಹೊಂದುವ ಫೋನೊಂದು ಹೊಸದಾಗಿ ಬಂದಿದೆ, ಮನೆಯೊಳಗೇ ಕೂತು ಮಾತಾಡಬಹುದು ಎಂದ. ಗಿರಿಜಕ್ಕ ಅವನಿಗೆ ಕಾಫಿ ಕೊಟ್ಟರು. "ಬೇಡಪ್ಪಾ. ಇದು ಬಂದ್ಮೇಲೆ ಬೀದಿಗೆ ಬರೋದು ಕಲಿತೆ," ಎಂದರು. ನಿಜವೇ. ಕರೆ ಇದ್ದರೂ ಇಲ್ಲದಿದ್ದರೂ ಸಂಜೆಯ ಹೊತ್ತು ಇಸ್ತ್ರಿ ಗಾಡಿಯ ಪಕ್ಕ ಅವರ ಕುರ್ಚಿ ಇರುತ್ತಿತ್ತು. ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ಗ್ಯಾಸ್ಕೆಟ್ ಕೂರಲಿಲ್ಲ ಎಂಬುದೆಲ್ಲ ಅಲ್ಲೇ ಇತ್ಯರ್ಥವಾಗುತ್ತಿತ್ತು. ಕರೆದವರ ಮನೆಗೆ ಹೋಗುವುದೂ ಶುರುವಾಯಿತು. ಕರೆಯದವರ ಮನೆಗಳು ಇದ್ದೇ ಇದ್ದವು. ಅವರು ಆ ಮನೆಗಳ ಹೆಸರೆತ್ತುತ್ತಿರಲಿಲ್ಲ.

ಮಾರನೆಯ ವರ್ಷ ಆಷಾಢದಲ್ಲಿ ಅವರಿಗೆ ಜ್ವರ ಬಂತು. ಸಣ್ಣ ಜ್ವರವೆಂದೇ ಎಲ್ಲರೂ ಅಂದುಕೊಂಡಿದ್ದೆವು. ನಾನು ಗಂಜಿ ತೆಗೆದುಕೊಂಡು ಹೋದಾಗ ಗೋಡೆಗೆ ಒರಗಿ ಕೂತಿದ್ದರು. ಎರಡು ಚಮಚ ಕುಡಿದು ಬಟ್ಟಲು ಬದಿಗಿಟ್ಟರು.

"ಶ್ರಾವಣದ ಮೊದಲನೇ ಸೋಮವಾರದ ಪೂಜೆ ಯಾರ ಮನೇಲೇ ಈ ಸಲ?"

"ನಮ್ಮನೇಲಿ ಗಿರಿಜಕ್ಕ."

"ಸರಿ. ನಾನೇ ಬರ್ತೀನಿ. ಫೋನ್ ಮಾಡ್ಬೇಡ."

ಅದೇ ಕೊನೆಯ ಮಾತುಕತೆ. ಬೆಳಿಗ್ಗೆ ಅವರ ಬಾಗಿಲು ತೆರೆಯಲಿಲ್ಲ.

ಶ್ರಾವಣ ಬಂತು. ಸೋಮವಾರ ಸಂಜೆ ಬೀದಿಯ ಹೆಂಗಸರೆಲ್ಲ ನಮ್ಮ ನಡುಮನೆಯಲ್ಲಿ ಸೇರಿದರು, ಮುನಿಯಮ್ಮನೂ ಬಂದಿದ್ದಳು. ಪೂಜೆ ಮುಗಿಯಿತು, ಆರತಿ ತಟ್ಟೆ ಎತ್ತಿದೆವು, ಬಳೆಗಳ ಸದ್ದಾಯಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರಿರುವಷ್ಟು ದಿನ ಆ ಹಾಡನ್ನು ನಾವು ಯಾರೂ ಕಲಿತಿರಲಿಲ್ಲ. ಕರ್ಪೂರ ಕರಗುತ್ತಿತ್ತು. ನಾನೇ ಧೈರ್ಯ ಮಾಡಿ, ಬಾರದ ದನಿಯಲ್ಲಿ ಮೊದಲನೆಯ ಸಾಲು ಹಾಡಿದೆ. ಎರಡನೆಯದು ನೆನಪಿಗೆ ಬರಲಿಲ್ಲ. ತಟ್ಟೆ ಹಿಡಿದವರು ಹಾಗೇ ನಿಂತಿದ್ದರು.